ಸಂದು ಬಿಡದ ಹಳಿ

ದೊಡ್ಡಪ್ಪನ ಚಪ್ಪಲಿಯ ಸದ್ದು ಕೇಳಿದರೂ ಸಾಕು, ಕಾಂಚನಾಳ ಮೈ ಉರಿಯುತ್ತಿತ್ತು. ಗೂಳಪ್ಪ ಅವಳ ಅಪ್ಪನ ಖಾಸಾ ಅಣ್ಣ, ಮನೆಗೆ ಹಿರಿಯ, ಚಿಕ್ಕವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬನಹಟ್ಟಿಯ ಓಣಿ ಓಣಿ ತಿರುಗಿಸಿದವ. ಅದೆಲ್ಲ ಇರಲಿ. ಅಂಥವನೇ ಮೊನ್ನೆ ಚಿಮ್ಮಡದ ಬೀಗರೆದುರು ನಿಂತು ಅವಳ ಮದುವೆಯ ಮಾತನ್ನು ಮುರಿದು ಹಾಕಿದ್ದ. ಅದೂ ಯಾತಕ್ಕೆ? ಒಂದು ಆಟಿಗೆಯ ರೈಲಿಗೆ.

ಅದನ್ನು ಆಟಿಗೆ ಎಂದರೆ ಗೂಳಪ್ಪನಿಗೆ ಆಗುತ್ತಿರಲಿಲ್ಲ. ಈಗ ಕಾಂಚನಾ ಬೇಕೆಂದೇ ಹಾಗೆ ಅನ್ನುತ್ತಿದ್ದಳು.

ಅಣ್ಣತಮ್ಮಂದಿರದು ಒಂದೇ ತಗಡಿನ ಶೆಡ್ಡು. ಒಂದು ಬದಿಗೆ ತಮ್ಮ ವಿಠೋಬಾನ ಪವರ್‌ಲೂಮುಗಳು, ಇನ್ನೊಂದು ಬದಿಗೆ ಗೂಳಪ್ಪನವು. ಮಂಡಿ ಹಿಡಿದುಕೊಳ್ಳಲು ಶುರುವಾದ ಮೇಲೆ ಗೂಳಪ್ಪ ತನ್ನ ಮಗ್ಗಗಳನ್ನು ಮಾರಿಬಿಟ್ಟ. ಖಾಲಿ ಬಿದ್ದ ಜಾಗದಲ್ಲಿ ಉದ್ದನೆಯ ಪ್ಲೈವುಡ್ ಹಲಗೆ ಹಾಕಿಸಿ, ಅದರ ಮೇಲೆ ಲೋಕಾಪುರ, ಮುಧೋಳ, ಜಮಖಂಡಿ, ಬನಹಟ್ಟಿ ಎಂದು ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸ್ಟೇಷನ್ನುಗಳನ್ನು ಕೂರಿಸಿ, ರೈಲು ಓಡಿಸಲು ಹೊರಟ. ಹಿಂದೊಮ್ಮೆ ಸೀರೆ ಮಾರಲು ಪುಣೆಗೆ ಹೋದಾಗ ಯಾವುದೋ ಪ್ರದರ್ಶನದಲ್ಲಿ ಅಂಥದ್ದನ್ನು ಕಂಡಿದ್ದನಂತೆ. ಊರಿಗೆ ರೈಲು ಬರುತ್ತದೆ, ಬರುತ್ತದೆ ಎಂದು ಕೇಳಿಯೇ ತಲೆ ಹಣ್ಣಾಯಿತು, ಇನ್ನು ಕಾಯುವವ ನಾನಲ್ಲ ಎಂದು ಎಲ್ಲರಿಗೂ ಹೇಳಿದ. ಓಣಿ ನಕ್ಕಿತು. ನಗದೆ ಜೊತೆಗೆ ನಿಂತವಳು ಕಾಂಚನಾ ಒಬ್ಬಳೇ.

ಹಳಿ ಆರಿಸುವುದರಲ್ಲೇ ಇಬ್ಬರೂ ಒಂದು ಮಳೆಗಾಲ ಕಳೆದಿದ್ದರು. ಇಂಜಿನ್ನು ಬೆರಳುದ್ದ, ಎರಡು ಕಂಬಿಗಳ ನಡುವಿನ ಅಗಲ ಕಿರುಬೆರಳಿನ ದಪ್ಪದಷ್ಟು. ಮೊದಲು ತಂದದ್ದು ಪೆಟ್ಟಿಗೆಯಲ್ಲಿ ಬರುವ ಸಿದ್ಧ ತುಂಡುಗಳು. ನೆಟ್ಟಗಿನದು ನೆಟ್ಟಗೆ, ಬಾಗಿದ್ದು ಬಾಗಿದಷ್ಟೇ, ಒಂದಕ್ಕೊಂದು ಸಿಕ್ಕಿಸಿದರೆ ಆಯಿತು. ಆದರೆ ತುಂಡು ಹೆಚ್ಚಿದಷ್ಟೂ ಜೋಡಣೆ ಹೆಚ್ಚು, ಜೋಡಣೆ ಬಂದಲ್ಲೆಲ್ಲ ಇಂಜಿನ್ನು ಎಡವುತ್ತಿತ್ತು. "ಇಷ್ಟು ಗಂಟು ಇದ್ದ ಬಟ್ಟಿ ಯಾವನರ ತಗೋತಾನೇನು" ಎಂದು ಗೂಳಪ್ಪ ಆ ಪೆಟ್ಟಿಗೆಯನ್ನು ಮೂಲೆಗೆ ತಳ್ಳಿ, ಗಜದುದ್ದದ ಬಾಗುವ ಹಳಿ ತರಿಸಿದ. ಅದರಲ್ಲೂ ತೆಳ್ಳನೆಯದು ಕಣ್ಣಿಗೆ ಚಂದ, ನಿಜವಾದ ರೈಲಿನ ಹಳಿಯಂತೆಯೇ. ಆದರೆ ಅವನ ಇಂಜಿನ್ನು ಹಳೆಯ ನಮೂನೆಯದು, ಚಕ್ರದ ಅಂಚು ದೊಡ್ಡದು, ತೆಳ್ಳನೆಯ ಹಳಿಯ ಮೇಲೆ ಬಿಟ್ಟರೆ ಕೆಳಗಿನ ಅಡ್ಡಪಟ್ಟಿಗೆ ತಾಗಿ ಗಡಗಡ ಅನ್ನುತ್ತಿತ್ತು. ಮುಖ ಸಿಂಡರಿಸಿಕೊಂಡೇ ದಪ್ಪನೆಯದಕ್ಕೆ ಒಪ್ಪಿಕೊಂಡ.

ಕೂರಿಸುವ ಕೆಲಸ ಕಾಂಚನಾಳದು. ಹಳಿಯನ್ನು ಬಾಗಿಸಿದಾಗ ಒಳಬದಿಯ ಕಂಬಿ ತುದಿಯಲ್ಲಿ ಹೊರಗೆ ಚಾಚುತ್ತದೆ. ಅದನ್ನು ಸಣ್ಣ ಗರಗಸದಿಂದ ಕೊಯ್ದು, ಅರದಿಂದ ಉಜ್ಜಿ, ಪಕ್ಕದ ಹಳಿಗೆ ಹೊಂದಿಸಬೇಕು. ಪುಣೆಯ ಅಂಗಡಿಯವ ಫೋನಿನಲ್ಲಿ, ಜೋಡಣೆಯಲ್ಲಿ ದಪ್ಪ ಕಾಗದದಷ್ಟು ಸಂದು ಬಿಡಿ ಎಂದಿದ್ದ. ನೇಕಾರರಿಗೆ ಹೇಳುವ ಮಾತೇ ಅದು? ಮಗ್ಗದ ಉದ್ದಕ್ಕೆ ಹಾಯುವ ನೂಲಿಗೆ ಹಾಸು ಎನ್ನುತ್ತಾರೆ. ಹಾಸು ಬಿಗಿಯಾಗಿದ್ದರೆ ಬಟ್ಟೆ, ಸಡಿಲಾದರೆ ಬರೀ ಗೋಜಲು. ಹುಟ್ಟಿದಾಗಿನಿಂದ ಅದನ್ನೇ ಕೇಳಿ ಬೆಳೆದ ಇಬ್ಬರೂ ಅಂಗಡಿಯವನ ಮಾತಿಗೆ ಹೊಟ್ಟೆ ಹಿಡಿದು ನಕ್ಕರು. ಸಂಕ್ರಾಂತಿಯ ಚಳಿಯಲ್ಲಿ ಲೋಕಾಪುರದಿಂದ ಬನಹಟ್ಟಿಯವರೆಗೆ ಹಳಿಯನ್ನು ಹಾಸಿನ ಹಾಗೆ ಎಳೆದು ಬಿಗಿದು, ಎರಡೂ ತುದಿ ಭದ್ರ ಮಾಡಿ, ನಡುವೆ ಸಣ್ಣ ಮೊಳೆ ಹೊಡೆದರು. ಒಂದೊಂದು ಜೋಡಣೆಗೂ ಕಾಂಚನಾ ಬೆಸುಗೆ ಹಾಕಿ, ಉಗುರು ಎಳೆದರೂ ಸಿಗದ ಹಾಗೆ ಉಜ್ಜಿ ನುಣುಪು ಮಾಡಿದಳು. ಗೂಳಪ್ಪ ಉಗುರು ಎಳೆದು ನೋಡಿ, "ನೇಕಾರರ ಹುಡಿಗಿ ಅಂದ್ರ ಹಿಂಗಿರಬೇಕು" ಎಂದಿದ್ದ. ಆಗ ಅವಳಿಗೆ ಆ ಮಾತು ಎಷ್ಟು ಹಿತವಾಗಿತ್ತೋ, ಈಗ ನೆನೆದರೆ ಅಷ್ಟೇ ಉರಿ.

ಚಿಮ್ಮಡದವರು ಬರುವ ದಿನ ಬೆಳಿಗ್ಗೆಯೇ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದಿತ್ತು. ವಿಠೋಬಾನಿಗೆ ಹೊಸ ಮಗ್ಗ ಬರುವುದಿತ್ತು, ಜಾಗ ಬೇಕಿತ್ತು.

"ಅಣ್ಣಾ, ಹಲಗಿ ಒಂದೀಟು ಆಚಿಗೆ ಸರಿಸು" ಎಂದ ವಿಠೋಬಾ. "ಇಲ್ಲಂದ್ರ ನಾನ ಎತ್ತಿ ಹೊರಗ ಇಡ್ತೇನಿ."

"ಮುಟ್ಟಿ ನೋಡು" ಎಂದ ಗೂಳಪ್ಪ.

ಅಷ್ಟೇ ನಡೆದದ್ದು. ಮಧ್ಯಾಹ್ನ ಪಡಸಾಲೆಯಲ್ಲಿ ಕಂಬಳಿ ಹಾಸಿ ಬೀಗರನ್ನು ಕೂರಿಸಿದರು. ಹುಡುಗ ರಾಜಕುಮಾರ, ಅವನ ತಾಯಿ, ಸೋದರಮಾವ ಗುರುಪಾದ. ರಾಜಕುಮಾರ ಜಮಖಂಡಿಯ ಕಾಲೇಜಿನಲ್ಲಿ ಕಾಂಚನಾಳ ಜೊತೆಗೇ ಓದಿದವ, ಈಗ ಸಮೀರವಾಡಿಯಲ್ಲಿ ಕೆಲಸಕ್ಕಿದ್ದ. ಹುಡುಗ ಹುಡುಗಿ ಎಂದೋ ಒಪ್ಪಿಯಾಗಿತ್ತು. ಹಿರಿಯರು ಎಲೆ ಅಡಿಕೆ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದಷ್ಟೇ ಬಾಕಿ. ಆ ಎಲೆ ಅಡಿಕೆ ಕೊಡಬೇಕಾದವ ಮನೆಯ ಹಿರಿಯ ಗೂಳಪ್ಪ. ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಇಟ್ಟುಕೊಂಡು, ಬರುವ ದಾರಿಯಲ್ಲಿ ಶೆಡ್ಡಿಗೆ ಇಣುಕಿದ.

ಜಮಖಂಡಿ ಸ್ಟೇಷನ್ನಿನ ಹತ್ತಿರ ಹಳಿ ಹಲಗೆಯಿಂದ ಕಿತ್ತು ಗೇಣುದ್ದ ಡುಬ್ಬವಾಗಿ ಎದ್ದು ನಿಂತಿತ್ತು. ಮೊಳೆಗಳು ಚೆಲ್ಲಾಡಿದ್ದವು. ಅಲ್ಲಿ ನಿಲ್ಲಿಸಿದ್ದ ಇಂಜಿನ್ನು ನೆಲಕ್ಕೆ ಬಿದ್ದು ಚಕ್ರ ಮುರಿದುಕೊಂಡಿತ್ತು.

ಪಡಸಾಲೆಗೆ ಬಂದವನ ಕೈಯಲ್ಲಿ ಎಲೆ ಅಡಿಕೆ ಇರಲಿಲ್ಲ, ಆ ಮುರುಕು ಇಂಜಿನ್ನು ಇತ್ತು.

"ಲೇ ವಿಠೋಬಾ, ಮುಂಜಾನಿ ಎತ್ತಿ ಒಗಿತೇನಿ ಅಂದಿ, ಮಧ್ಯಾಹ್ನದೊಳಗ ಒಗದ ಬಿಟ್ಟಿ. ಒಡಹುಟ್ಟಿದವನ ವಸ್ತುಕ್ಕ ಕೈ ಹಾಕೋ ಹರಾಮಿ ನೀ." ಆಮೇಲೆ ಬೀಗರ ಕಡೆ ತಿರುಗಿದ. "ಸರಿಯಾಗಿ ನೋಡ್ಕೋರಿ ಇವನ್ನ. ಇಂಥವನ ಮನಿ ಹೆಣ್ಣು ತಗೊಳ್ಳಾಕ ಬಂದೀರಿ."

"ನಾ ಮುಟ್ಟಿಲ್ಲ" ಎಂದ ವಿಠೋಬಾ. ಅಣ್ಣನಿಗೆ ಎದುರಾಡಿ ರೂಢಿಯಿಲ್ಲದವ, ಅದಕ್ಕಿಂತ ಹೆಚ್ಚು ಒಂದು ಮಾತೂ ಅವನ ಬಾಯಿಂದ ಬರಲಿಲ್ಲ.

ಗುರುಪಾದ ಹೆಗಲಿನ ವಲ್ಲಿ ಸರಿಮಾಡಿಕೊಂಡು ಎದ್ದ. "ಇವತ್ತ ಬ್ಯಾಡ ಬಿಡ್ರಿ. ಮೊದಲ ನಿಮ್ಮ ಮನಿದು ನೀವು ನೋಡ್ಕೋರಿ." ಕಾಂಚನಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅವಳ ಪಕ್ಕದಿಂದಲೇ ಅವರು ಹಾದುಹೋದರು.

ರಾಜಕುಮಾರನಿಗೆ ಫೋನು ಮಾಡಿದಾಗ ಅವನ ದನಿ ಬಿದ್ದುಹೋಗಿತ್ತು. "ಮಾವ ಕೇಳವಲ್ಲರು. ಸ್ವಂತ ಅಣ್ಣ ಸುಳ್ಳು ಹೇಳ್ತಾನೇನು ಅಂತಾರ. ಅಂದವರ ಬಂದು, ನಾ ಅಂದದ್ದು ತಪ್ಪು ಅಂದ್ರ ಬ್ಯಾರೆ ಮಾತಂತ."

"ನೀ ಏನಂದಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಫೋನು ಇಟ್ಟಳು. ಅವನ ಮೇಲೂ ಸಿಟ್ಟು ಬಂತು. ತುಟಿ ಹೊಲಿದುಕೊಂಡು ಕೂತ ಅಪ್ಪನ ಮೇಲೆ ಬಂತು. ಕಣ್ಣೀರು ಹಾಕುತ್ತ ರೊಟ್ಟಿ ಬಡಿಯುತ್ತಿದ್ದ ಅವ್ವ ಶೇವಂತಿಯ ಮೇಲೂ ಬಂತು. ಎಲ್ಲಕ್ಕಿಂತ ದೊಡ್ಡ ಸಿಟ್ಟು ಮಾತ್ರ ಗೂಳಪ್ಪನ ಹೆಸರಿಗೇ ಇತ್ತು. ಅವನೋ ಅಂದಿನಿಂದ ಶೆಡ್ಡಿನ ಕಡೆ ಕಾಲಿಟ್ಟಿರಲಿಲ್ಲ. ತಮ್ಮ ಬಂದು ತಪ್ಪೊಪ್ಪಿಕೊಳ್ಳಲಿ ಎಂದು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತಿದ್ದ.

ಒಂದು ಮುಂಜಾನೆ ಕಾಂಚನಾ ಇಕ್ಕಳ ಹಿಡಿದು ಶೆಡ್ಡಿಗೆ ಹೋದಳು. ಆ ಹಳಿಯನ್ನು ಬುಡಸಮೇತ ಕಿತ್ತು, ಸುರುಳಿ ಸುತ್ತಿ, ಕಟ್ಟೆಯ ಮೇಲೆ ಕೂತವನ ತೊಡೆಯ ಮೇಲೆ ಒಗೆಯಬೇಕೆಂದು ಹೋದವಳು. ಹಲಗೆಯ ಹತ್ತಿರ ಹೋಗಿ ನೋಡಿದರೆ ಡುಬ್ಬವೇ ಇಲ್ಲ. ಹಳಿ ತಣ್ಣಗೆ ಹಲಗೆಗೆ ಅಂಟಿ ಮಲಗಿತ್ತು. ಮೊಳೆಗಳು ಮಾತ್ರ ಅಂದು ಬಿದ್ದಲ್ಲೇ ಬಿದ್ದಿದ್ದವು.

"ಅವ್ವಾ, ಇಲ್ಲಿ ಯಾರು ಬಂದಿದ್ರು?" ಎಂದು ಕೂಗಿ ಕೇಳಿದಳು.

"ಯಾರು ಬರ್ತಾರ. ಆ ಹಾಳು ಹಲಗಿ ಕಡಿ ಯಾರೂ ಹಾಯ್ದಿಲ್ಲ" ಎಂದಳು ಶೇವಂತಿ ಅಂಗಳದಿಂದಲೇ.

ಕಾಂಚನಾ ಮೊಳೆಗಳನ್ನು ಆರಿಸಿ, ಹಳೆಯ ತೂತುಗಳಲ್ಲೇ ಮತ್ತೆ ಒತ್ತಿ ಕೂರಿಸಿದಳು. ಏಕೆ ಕೂರಿಸಿದಳೋ ಅವಳಿಗೇ ತಿಳಿಯಲಿಲ್ಲ. ಇಕ್ಕಳವನ್ನು ಪಕ್ಕಕ್ಕಿಟ್ಟು ಅಪ್ಪನ ಮಗ್ಗದ ಕಡೆ ಹೋದಳು. ಹೊತ್ತು ಏರಿತು. ಬೇಸಿಗೆಯ ಬಿಸಿಲಿಗೆ ತಲೆ ಮೇಲಿನ ತಗಡು ಹಂಚಿನ ಹಾಗೆ ಕಾಯಿತು. ಊಟದ ಹೊತ್ತಿಗೆ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತವು. ಆ ನಿಶ್ಶಬ್ದದಲ್ಲಿ ಹಲಗೆಯ ಕಡೆಯಿಂದ ಟಿಣ್ ಎಂದು ಒಂದು ಸದ್ದು ಬಂತು, ಹಿಂದೆಯೇ ಇನ್ನೊಂದು. ಓಡಿಹೋಗಿ ನೋಡಿದಳು. ಅವಳ ಕಣ್ಣೆದುರೇ ಮೊಳೆಯೊಂದು ಸಿಡಿದು ಹಾರಿತು, ಜಮಖಂಡಿಯ ಹತ್ತಿರ ಹಳಿ ಮೆಲ್ಲಗೆ ಬೆನ್ನೆತ್ತಿತು. ಮುಟ್ಟಿದರೆ ಕಂಬಿ ಚುರ್ ಎಂದು ಸುಟ್ಟಿತು.

ಚಳಿಯಲ್ಲಿ ಬಿಗಿದ ಕಂಬಿ ಬಿಸಿಲಿಗೆ ಹಿಗ್ಗಿತ್ತು. ಹಿಗ್ಗಿದ್ದು ಹೋಗಲು ಎಲ್ಲೂ ಎಡೆಯಿರಲಿಲ್ಲ. ಎರಡೂ ತುದಿ ಕಟ್ಟಿ, ಎಲ್ಲ ಜೋಡಣೆಗೂ ಬೆಸುಗೆ ಹಾಕಿ, ಉಗುರೂ ಸಿಗದ ಹಾಗೆ ನುಣುಪು ಮಾಡಿದವಳು ತಾನೇ. ಅದು ಹೊಳೆದ ಗಳಿಗೆ ಅವಳಿಗೆ ನಾಚಿಕೆಯಾಯಿತು. ನಾಚಿಕೆ ಆದದ್ದಕ್ಕೆ ಸಿಟ್ಟು ಇನ್ನಷ್ಟು ನೆತ್ತಿಗೇರಿತು. ಒಂದು ಮಾತು ಕೇಳಿದ್ದರೆ, ಒಂದು ಗಳಿಗೆ ನಿಂತು ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಆ ಮನುಷ್ಯ ನಿಲ್ಲಲಿಲ್ಲ.

ಕಟ್ಟೆಯ ಮೇಲಿದ್ದ ಗೂಳಪ್ಪನ ಮುಂದೆ ಹೋಗಿ ನಿಂತಳು. "ಏಳು. ಶೆಡ್ಡಿಗೆ ಬಾ." ಅವಳು ಅವನೊಂದಿಗೆ ಹಾಗೆ ಎಂದೂ ಮಾತಾಡಿದವಳಲ್ಲ. ಅವನು ಎದ್ದು ಬಂದ. ಊಟ ಬಿಟ್ಟು ಎದ್ದ ಅಪ್ಪನನ್ನೂ ಕರೆತಂದಳು. ಇಬ್ಬರನ್ನೂ ಹಲಗೆಯ ಆಚೆ ಈಚೆ ನಿಲ್ಲಿಸಿ, ಡುಬ್ಬವನ್ನು ಒದ್ದೆ ಅರಿವೆಯಿಂದ ಒರೆಸಿ ಒರೆಸಿ ತಣಿಸಿದಳು. ಹಳಿ ಕೆಳಗಿಳಿದು ಮಲಗಿತು. "ಈಗ ಯಾರೂ ಕೈ ಹಚ್ಚಬ್ಯಾಡ್ರಿ. ಸುಮ್ಮನ ನೋಡ್ರಿ" ಎಂದಳು. ಮೂವರೂ ಬೆವರು ಇಳಿಸುತ್ತ ನಿಂತರು. ಸ್ವಲ್ಪ ಹೊತ್ತಿಗೆ ಹಳಿ ತಾನಾಗಿಯೇ ಮತ್ತೆ ಎದ್ದಿತು.

ಗೂಳಪ್ಪ ಬಾಗಿ ಹಲಗೆಯ ಅಡಿಗೂ ಇಣುಕಿ ನೋಡಿದ. ಮಾತು ಬಂದದ್ದು ಅಷ್ಟು ದಿನ ಸುಮ್ಮನಿದ್ದ ವಿಠೋಬಾನಿಗೆ.

"ಮುಟ್ಟಿಲ್ಲ ಅಂತ ಅವತ್ತ ಹೇಳಿದ್ನೆಲ್ಲ ಅಣ್ಣಾ. ನನ್ನ ಮಾತಿಗೆ ಕಿಮ್ಮತ್ತಿಲ್ಲ, ಈ ಕಂಬಿ ಮಾತಿಗೆ ಐತೇನು?" ಎಂದು ಹೇಳಿ, ಅಣ್ಣನ ಮುಖ ಕೂಡ ನೋಡದೆ ಹೊರಗೆ ನಡೆದ. ಕಾಂಚನಾ ಅಪ್ಪನ ಬೆನ್ನು ನೋಡುತ್ತ ನಿಂತಳು. ಇಂಥ ಮಾತು ಆಡಲು ಅವನಿಗೆ ಇಷ್ಟು ದಿನ ಬೇಕಾಯಿತು.

ಅವಳು ಗರಗಸ ತೆಗೆದುಕೊಂಡು ಡುಬ್ಬದ ನಡುವೆ ಹಳಿಯನ್ನು ಕೊಯ್ದಳು. ಬಿಗಿ ಬಿಟ್ಟ ಕಂಬಿಯ ತುದಿಗಳು ಒಂದರ ಮೇಲೊಂದು ಹತ್ತಿದವು. ಹೆಚ್ಚಾಗಿದ್ದಷ್ಟನ್ನು ಅಳೆದು ಇನ್ನೊಮ್ಮೆ ಕೊಯ್ದಾಗ ಉಗುರಿನಷ್ಟು ತುಂಡು ಹಲಗೆಯ ಮೇಲೆ ಬಿತ್ತು. ಗೂಳಪ್ಪ ಅದನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಅವನ ಮುಖದಲ್ಲಿ ಸ್ವಲ್ಪ ಕಳೆ ಬಂತು.

"ಇವತ್ತ ಚಿಮ್ಮಡಕ್ಕ ಹೋಗ್ತೇನಿ" ಎಂದ. "ಇದನ್ನ ಒಯ್ದು ಗುರುಪಾದಪ್ಪಗ ತೋರಸ್ತೇನಿ. ಬಿಸಲಿಗೆ ಹಿಂಗಾಗಿತ್ತು ನೋಡ್ರಿ, ನನ್ನ ತಮ್ಮಂದೂ ತಪ್ಪಿಲ್ಲ, ನಂದೂ ತಪ್ಪಿಲ್ಲ ಅಂತೇನಿ. ಎಲ್ಲಾ ಸರಿ ಆಗತೈತಿ, ನೀ ಚಿಂತಿ ಮಾಡಬ್ಯಾಡ."

ಕಾಂಚನಾ ಗರಗಸ ಕೆಳಗಿಟ್ಟಳು. ಮದುವೆ ಬೇಕಿತ್ತು ಅವಳಿಗೆ. ರಾಜಕುಮಾರನ ಮೇಲೆ ಎಷ್ಟು ಸಿಟ್ಟಿದ್ದರೂ ಅವನೇ ಬೇಕಿತ್ತು. ಬಾಯಿ ಮುಚ್ಚಿಕೊಂಡು ಈ ಮುದುಕನನ್ನು ಹೀಗೆಯೇ ಕಳಿಸಿದರೂ ಕೆಲಸ ಆಗಬಹುದಿತ್ತು. ಆದರೆ ಅಪ್ಪನಿಗೆ ಅಂದ ಮಾತು ಚಿಮ್ಮಡದವರ ಮನೆಯಲ್ಲಿ ಹಾಗೆಯೇ ಉಳಿಯುತ್ತಿತ್ತು, ನಾಳೆ ಅಲ್ಲಿ ಬಾಳಬೇಕಾದವಳು ಅವಳು.

"ಸಂದು ಬಿಡದ ಬೆಸುಗಿ ಹಾಕಿದಾಕಿ ನಾನು" ಎಂದಳು. "ಯಾರರ ಕೇಳಿದ್ರ ಅದನ್ನ ನಾನ ಹೇಳ್ತೇನಿ. ಹಳಿ ಎಬ್ಬಿಸಿದ್ದು ಬಿಸಲು. ಅಪ್ಪನ್ನ ಹರಾಮಿ ಅಂದದ್ದು ಬಿಸಲಲ್ಲ ದೊಡ್ಡಪ್ಪಾ."

ಗೂಳಪ್ಪ ಅಂಗೈಯಲ್ಲಿದ್ದ ತುಂಡನ್ನು ಹಲಗೆಯ ಮೇಲೆ ಇಟ್ಟ. ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡು ಮತ್ತೆ ಇಟ್ಟುಕೊಂಡ. ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ನೀನೂ ಬರ್ತೀಯೇನವಾ? ಒಬ್ಬನ ಹೋಗ್ಲೇನು?"

"ಅವತ್ತ ಅನ್ನಾಗ ಒಬ್ಬನ ಅಂದಿದ್ದಿ" ಎಂದಳು ಕಾಂಚನಾ.

ಗೂಳಪ್ಪ ಮಂಡಿ ಹಿಡಿದುಕೊಂಡು, ಬರಿಗೈಯಲ್ಲಿ, ಬಿಸಿಲಲ್ಲಿ ಚಿಮ್ಮಡದ ಆಟೋ ನಿಲ್ಲುವ ಕಡೆ ನಡೆದ.