ಡ್ರೋನ್ ಮೇಲೆ, ಕಾರು ಕೆಳಗೆ. ರಸ್ತೆ ನೋಡುವವರು ಯಾರು?

ನಂದೊಳ್ಳಿಯ ಮಂಜಪ್ಪನ ಅಂಗಳಕ್ಕೆ ಹೊಸ ಕಾರು ಬಂದ ದಿನ ಕೇರಿಯವರೆಲ್ಲ ಬಂದು ನೋಡಿ, ಪಾನಕ ಕುಡಿದು, ಒಳ್ಳೆಯದಾಗಲಿ ಎಂದು ಹೋಗಿದ್ದರು. ಆಮೇಲೆ ಅದರತ್ತ ತಿರುಗಿ ನೋಡಿದವರಿಲ್ಲ. ಕೋಳಿಗಳು ಮಾತ್ರ ನೆರಳು ಸಿಕ್ಕಿತೆಂದು ಅದರಡಿ ಮಲಗುತ್ತಿದ್ದವು.

ಮಗ ಉಲ್ಲಾಸ ಬಾಡಿಗೆ ಓಡಿಸಲೆಂದು ತಂದ ಕಾರು ಅದು. ಆ ಕಡೆಯ ಜಲಪಾತ ನೋಡಲು ಊರೂರಿಂದ ಜನ ಬರುತ್ತಾರೆ, ನಿಜ. ಆದರೆ ಅವರು ಮೊಬೈಲಿನಲ್ಲಿ ಮೊದಲೇ ಗಾಡಿ ಗೊತ್ತು ಮಾಡಿಕೊಂಡೇ ಬರುತ್ತಾರೆ. ಯಲ್ಲಾಪುರದ ಸ್ಟ್ಯಾಂಡಿನಲ್ಲಿ ಕಾದು ಕುಳಿತವನನ್ನು ಕೇಳುವವರಿಲ್ಲ.

"ಈ ಬೇಸಿಗೇಲಿ ಗಿರಾಕಿ ಹಿಡೀದಿದ್ರೆ ಗಾಡಿ ಮಾರೂದೇ ಅಪ್ಪ," ಎಂದ ಉಲ್ಲಾಸ. "ಅದ್ಕೇ ವೈಭವನ್ನ ಕರ್ಸಿದ್ದು. ಅರಬೈಲ್ ಘಟ್ಟದಾಗೆ ಕಾರು ತಿರುವು ತಿರುಗೂದನ್ನ ಮೇಲಿಂದ ತೆಗೀತ. ಮೊಬೈಲಿಗೆ ಹಾಕಿದ್ರೆ ಜನ ಹುಡ್ಕಂಡು ಬರ್ತಾರೆ."

ವೈಭವ ಯಲ್ಲಾಪುರದಲ್ಲಿ ಮದುವೆ ವಿಡಿಯೋ ಮಾಡುವ ಹುಡುಗ, ಉಲ್ಲಾಸನ ಜೊತೆ ಓದಿದವನು. ಚೀಲದಿಂದ ಡ್ರೋನ್ ತೆಗೆದು ಜಗಲಿಯ ಮೇಲಿಟ್ಟ. ಅಂಗೈ ಮೇಲೆ ಕೂರುವಷ್ಟೇ ಇತ್ತು.

ಮಂಜಪ್ಪ ಹುಬ್ಬಳ್ಳಿ-ಅಂಕೋಲಾ ದಾರಿಯಲ್ಲಿ ಲಾರಿ ಕ್ಲೀನರ್ ಆಗಿ ಶುರು ಮಾಡಿ ಡ್ರೈವರ್ ಆಗಿ ಮುಗಿಸಿದವನು. ಘಟ್ಟದ ಒಂದೊಂದು ತಿರುವೂ ಅವನಿಗೆ ಮನೆಯ ಮೆಟ್ಟಿಲಿದ್ದ ಹಾಗೆ.

"ಘಟ್ಟದಾಗೆ ಎದುರಿಂದ ಬರೂ ಲಾರಿ ನಿನ್ನ ವಿಡಿಯೋ ಮುಗೀಲಿ ಅಂತ ಕಾಯ್ತ ಎಂತ?" ಎಂದ.

"ಮಾವ, ಹೆದ್ರೂದು ಬೇಡ," ಎಂದು ವೈಭವ ನಕ್ಕ. "ಇದಕ್ಕೆ ಕಾರು ತೋರ್ಸಿ ಬಿಟ್ರೆ ಸಾಕು, ತಾನೇ ಹಿಂದೆ ಹಿಂದೆ ಬರ್ತದೆ."

"ಸಾಕಿದ ನಾಯಿನೂ ಹಂಗೇ ಬರ್ತದೆ. ನಡು ರಸ್ತೇಲಿ ಬೇರೆ ನಾಯಿ ಕಂಡ್ರೆ ಎಂತ ಮಾಡ್ತದೆ ಅಂತ ಹೇಳೂಕಾಗೂದಿಲ್ಲ."

ಮೊದಲು ಊರ ರಸ್ತೆಯಲ್ಲಿ ಒಂದು ಸಲ ನೋಡೋಣ ಎಂದಾಯಿತು. ಉಲ್ಲಾಸ ಸ್ಟೇರಿಂಗ್ ಹಿಡಿದ. ಮಂಜಪ್ಪ ಪಕ್ಕದಲ್ಲಿ ಕುಳಿತ. ವೈಭವ ರಿಮೋಟ್ ಹಿಡಿದು ಹಿಂದಿನ ಸೀಟಿಗೆ ಹತ್ತಿದ. ಡ್ರೋನ್ ಜೇನ್ನೊಣದ ಹಾಗೆ ಗುಂಯ್‌ಗುಟ್ಟುತ್ತ ಮೇಲೆದ್ದು ಕಾರಿನ ಬೆನ್ನು ಹಿಡಿಯಿತು.

"ಮಾವ, ನಿಮ್ಮನೆ ನೋಡಿ ಇಲ್ಲಿ!" ಎಂದು ವೈಭವ ರಿಮೋಟಿನ ಪರದೆ ತೋರಿಸಿದ.

ಮಂಜಪ್ಪ ತಿರುಗಿ ನೋಡಿದ. ತನ್ನದೇ ಮಾಡು, ತನ್ನದೇ ಬಾವಿ, ಅಂಗಳದಲ್ಲಿ ಇರುವೆಯಷ್ಟು ಚಿಕ್ಕದಾಗಿ ಹೆಂಡತಿ ಸೀತಮ್ಮ. ಹುಟ್ಟಿದ ಮನೆಯನ್ನು ಹಕ್ಕಿಯ ಕಣ್ಣಿನಿಂದ ಅವನು ಅಲ್ಲಿಯವರೆಗೆ ಕಂಡದ್ದೇ ಇರಲಿಲ್ಲ. ಉಲ್ಲಾಸನೂ ಡ್ರೋನ್ ಬರುತ್ತಿದೆಯೋ ಇಲ್ಲವೋ ಎಂದು ಕಿಟಕಿಯಾಚೆ ಕತ್ತು ಚಾಚಿ ಮೇಲೆ ನೋಡಿದ. ಮುಂದೆ ಮಾವಿನ ಮರದ ತಿರುವು. ಅಲ್ಲಿ ಸೊಪ್ಪಿನ ಹೊರೆ ಹೊತ್ತ ಕೇರಿಯ ತಿಮ್ಮಿ, ಇದೆಂಥ ಸದ್ದು ಎಂದು ತಾನೂ ಆಕಾಶ ನೋಡುತ್ತ ನಡು ರಸ್ತೆಯಲ್ಲೇ ನಿಂತುಬಿಟ್ಟಿದ್ದಳು.

"ಹೋಲ್ಡಾನ್!"

ಕ್ಲೀನರ್ ಆಗಿದ್ದಾಗ ಲಾರಿಯ ಹಿಂದೆ ನಿಂತು ಡ್ರೈವರನಿಗೆ ನಿಲ್ಲಿಸೆಂದು ಕೂಗುತ್ತಿದ್ದ ಕೂಗು, ಮುಂದೆ ತಿರುಗಿದ ಮಂಜಪ್ಪನ ಗಂಟಲಿನಿಂದ ತಾನಾಗಿ ಹೊರಬಿತ್ತು. ಉಲ್ಲಾಸ ಬ್ರೇಕ್ ತುಳಿದ. ಕಾರು ತಿಮ್ಮಿಯಿಂದ ಮಾರು ದೂರದಲ್ಲಿ ನಿಂತಿತು. ಡ್ರೋನ್ ಮಾತ್ರ ನಿಲ್ಲಲಿಲ್ಲ. ಮಾವಿನ ಕೊಂಬೆಗೆ ಬಡಿದು ರಸ್ತೆಗೆ ಬಿತ್ತು.

ತಿಮ್ಮಿಯ ಹೊರೆ ಜಾರಿ ಸೊಪ್ಪೆಲ್ಲ ಚೆಲ್ಲಿತ್ತು. ಉಸಿರು ಬಂದ ಮೇಲೆ ಬಾಯಿಯೂ ಬಂತು.

"ಎಂತ್ರಾ ಇದು? ಕೊಟ್ಟಿಗೆಗೆ ಹೋಗೂಳ್ನ ಸೀದಾ ಸ್ವರ್ಗಕ್ಕೆ ಕಳ್ಸೂಕೆ ಹೊರಟಿದ್ರಾ? ಇಲ್ಲಿ ನನ್ನ ಎಮ್ಮೆ ಹಾಲು ಯಾರು ಕರೀತಾರೆ?"

ಯಾರೂ ನಗಲಿಲ್ಲ. ಮೂವರೂ ಇಳಿದು ಸೊಪ್ಪು ಒಟ್ಟು ಮಾಡಿ ಹೊರೆ ಕಟ್ಟಿಕೊಟ್ಟರು.

ಮನೆಗೆ ಬಂದವನೇ ಮಂಜಪ್ಪ ಹೇಳಿದ: "ಕಾರಿನೊಳಗೆ ಮೂರು ಜನ, ಹೊರಗೆ ಒಬ್ಳು. ಎಲ್ಲರಿಗೂ ಎರಡೆರಡು ಕಣ್ಣು. ರಸ್ತೆ ಮೇಲೆ ಒಂದಾದ್ರೂ ಇತ್ತಾ? ಇನ್ನು ಆ ಹಾಳು ನೊಣ ನಮ್ಮನೆ ಮೆಟ್ಲು ಹತ್ತೂದು ಬೇಡ."

ಸಿಟ್ಟು ಮಗನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ತಾನೂ ತಿರುಗಿ ಕುಳಿತಿದ್ದೆನಲ್ಲ!

"ಹಂಗಾದ್ರೆ ಗಾಡಿ ಮಾರೂದೇ," ಎಂದು ಉಲ್ಲಾಸ ಊಟ ಬಿಟ್ಟು ಮಲಗಿದ.

ಎರಡು ದಿನ ಅಪ್ಪ ಮಗ ಮಾತಾಡಲಿಲ್ಲ. ಇದು ಹೀಗೆ ಬಗೆಹರಿಯುವುದಿಲ್ಲ ಎಂದು ಸೀತಮ್ಮ ತನ್ನ ಅಣ್ಣನ ಮಗಳು ಜ್ಯೋತಿಗೆ ಫೋನ್ ಮಾಡಿದಳು. ಜ್ಯೋತಿಯನ್ನು ಬನವಾಸಿ ಕಡೆ ಕೊಟ್ಟಿದ್ದರು. ಅಲ್ಲಿನ ಮಹಿಳಾ ಸಂಘದಿಂದ ತರಬೇತಿ ಪಡೆದು ಭತ್ತ, ಅನಾನಸಿಗೆ ಡ್ರೋನಿನಲ್ಲಿ ಔಷಧಿ ಹೊಡೆಯುವುದು ಅವಳ ಕೆಲಸ.

ಬಂದವಳು ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡಳು.

"ಮಾವ, ನೀವು ಬೈದದ್ದು ಸಮಾ ಆಯ್ತು," ಎಂದಳು. ಮಂಜಪ್ಪ ಹೆಂಡತಿಯ ಕಡೆ ನೋಡಿ ಮೀಸೆ ಸವರಿಕೊಂಡ. "ಆದ್ರೆ ಇನ್ನು ಹಾರ್ಸೂದೇ ಬೇಡ ಅಂದದ್ದು ಸಮಾ ಇಲ್ಲ. ತರಬೇತೀಲಿ ಮೊದಲ ದಿನ ನಮ್ಮ ಕೈಗೆ ರಿಮೋಟೇ ಕೊಡ್ಲಿಲ್ಲ. ಪಕ್ಕ ನಿಂತು ನೋಡಿ ಅಂದ್ರು. ಹಾರ್ಸೋನ ಕಣ್ಣು ಪರದೆ ಮೇಲೇ ಇರ್ತದೆ. ಮರ, ಕರೆಂಟಿನ ತಂತಿ, ಹಕ್ಕಿ, ಜನ, ದನ ನೋಡೂಕೆ ಬೇರೆ ಒಬ್ರು ಬೇಕೇ ಬೇಕು. ಅವರು ನಿಲ್ಸು ಅಂದ್ರೆ ನಿಲ್ಸೂದು. ಯಾಕೆ ಅಂತ ಕೇಳೂಹಂಗಿಲ್ಲ."

ಮಂಜಪ್ಪ ಲೋಟ ಕೆಳಗಿಟ್ಟ. "ಅಂದ್ರೆ ಕ್ಲೀನರ್!"

"ಅಷ್ಟೇ ಮಾವ. ಹಾರೂ ಗಾಡಿಗೂ ಕ್ಲೀನರ್ ಬೇಕು."

"ಘಟ್ಟದಾಗೆ ತೆಗೀಲಿಕ್ಕೆ ಆಗ್ತದಾ ಅಕ್ಕ?" ಉಲ್ಲಾಸ ಬಾಗಿಲಲ್ಲಿ ನಿಂತು ಕೇಳಿದ.

"ಆಗೂದಿಲ್ಲ ತಮಾ. ಅದು ಊರೋರೆಲ್ಲ ಓಡಾಡೂ ಹೆದ್ದಾರಿ, ನಿನ್ನ ಅಂಗಳ ಅಲ್ಲ. ಕಾಡಿಗೆ ಅರಣ್ಯ ಇಲಾಖೆ ಅನುಮತಿ ಬೇಕು. ಎಲ್ಲಿ ಹಾರ್ಸಬಹುದು ಅಂತ ಸರ್ಕಾರದ್ದೇ ನಕ್ಷೆ ಮೊಬೈಲಿನಲ್ಲಿ ಸಿಗ್ತದೆ, ಕೆಂಪು ಇದ್ದ ಕಡೆ ಹೋಗೂದೇ ಅಲ್ಲ. ನಿನ್ನ ಕಾರಿಗೆ ನಂಬರ್ ಇದ್ದಹಂಗೆ ಡ್ರೋನಿಗೂ ಇರ್ಬೇಕು. ವೈಭವ, ನಿಂದಕ್ಕೆ ಉಂಟಾ?"

"ಉಂಟು ಅಕ್ಕ," ಎಂದ ವೈಭವ. ಡ್ರೋನಿನ ಮುರಿದ ಫ್ಯಾನು ಬದಲಿಸಿಕೊಂಡು ಅವನೂ ಅಳುಕುತ್ತಲೇ ಬಂದಿದ್ದ. "ನಕ್ಷೆ ಮಾತ್ರ ನೋಡಿರ್ಲಿಲ್ಲ."

ಜ್ಯೋತಿ ಮೊದಲು ನಕ್ಷೆ ತೆಗೆಸಿ ನೋಡಿದಳು. ಅವರ ಗದ್ದೆಯಿದ್ದ ಕಡೆ ಹಸಿರು ಬಣ್ಣವಿತ್ತು. ಕೊಯ್ಲು ಮುಗಿದಿತ್ತು. ಗದ್ದೆಯ ನಡುವಿನ ಗಾಡಿದಾರಿ ಅವರದೇ. ಮರವಿಲ್ಲ, ತಂತಿಯಿಲ್ಲ. ಜ್ಯೋತಿ ಎಲ್ಲರನ್ನೂ ಆ ದಾರಿಯಲ್ಲಿ ಒಮ್ಮೆ ನಡೆಸಿದಳು. ಡ್ರೋನ್ ತಾನೇ ಹಿಂದೆ ಹಿಂದೆ ಬರುವುದನ್ನು ಬಂದ್ ಮಾಡಿಸಿದಳು. ವೈಭವ ಕಾರಿನಲ್ಲಿ ಕೂರದೆ ಗದ್ದೆಯಲ್ಲಿ ನಿಂತು ಹಾರಿಸಬೇಕು. ಉಲ್ಲಾಸ ಮೇಲೆ ನೋಡಲೇಬಾರದು. ದಾರಿ ನೋಡಬೇಕು, ದಾರಿಯ ತುದಿಯಲ್ಲಿ ನಿಂತ ಅಪ್ಪನನ್ನು ನೋಡಬೇಕು. ಅಪ್ಪನ ಕೆಂಪು ಟುವಾಲು ಮೇಲಿದ್ದರೆ ಬರಬೇಕು, ಕೆಳಗಿಳಿದರೆ ನಿಲ್ಲಬೇಕು.

"ಮತ್ತೆ, ನಿಧಾನ ಬಾ," ಎಂದಳು.

"ನಿಧಾನ ಬಂದ್ರೆ ಎಮ್ಮೆ ಗಾಡಿ ಅಂದಾರು!" ಎಂದ ಉಲ್ಲಾಸ.

"ಡ್ರೋನ್ ತಗ್ಗಿನಲ್ಲಿ ಹಾರಿ ಎದುರು ಬಂದ್ರೆ ನಿಧಾನದ ಕಾರೂ ಓಡಿದಹಂಗೇ ಕಾಣ್ತದೆ. ಜೋರು ಕಾಣೂದು ವಿಡಿಯೋದಾಗೆ ಇರ್ಲಿ, ಚಕ್ರದಾಗೆ ಬೇಡ."

"ಬರ್ಲಿ... ಬರ್ಲಿ..." ಮಂಜಪ್ಪ ಟುವಾಲು ಎತ್ತಿ ಕೂಗಿದ. ಕಾರು ಹೊರಟಿತು, ಡ್ರೋನ್ ಎದ್ದಿತು. ಅರ್ಧ ದಾರಿ ಬಂದಿರಬೇಕು, ಗುಡ್ಡದ ಕಡೆಯಿಂದ ಒಂದು ಹದ್ದು ರೆಕ್ಕೆ ಬಿಚ್ಚಿಕೊಂಡು ಡ್ರೋನಿನ ಮೇಲೆ ಸುತ್ತತೊಡಗಿತು. ವೈಭವನಿಗೆ ಪರದೆಯಲ್ಲಿ ಅದು ಕಾಣಲೇ ಇಲ್ಲ. ಮಂಜಪ್ಪನಿಗೆ ಕಂಡಿತು.

"ಹೋಲ್ಡಾನ್!"

ಟುವಾಲು ಇಳಿಯಿತು. ಕಾರು ನಿಂತಿತು. ವೈಭವ ಮರುಮಾತಿಲ್ಲದೆ ಡ್ರೋನನ್ನು ಗದ್ದೆಗಿಳಿಸಿದ. ತನ್ನ ಒಂದು ಮಾತಿಗೆ ನೆಲದ ಗಾಡಿ, ಗಾಳಿಯ ಗಾಡಿ ಎರಡೂ ನಿಂತದ್ದನ್ನು ಮಂಜಪ್ಪ ನೋಡಿದ. ಅವನ ಅನುಮಾನ ಹೋದದ್ದು ಆಗಲೇ. ಹದ್ದು ದೂರ ಹೋಗುವ ತನಕ ಬದುವಿನ ಮೇಲೆ ಕುಳಿತು ಎಲ್ಲರೂ ಮಜ್ಜಿಗೆ ಕುಡಿದರು. ಆಮೇಲೆ ಮತ್ತೆ, "ಬರ್ಲಿ..."

ವಿಡಿಯೋ ಚಂದ ಬಂತು. ಹೊಂಬಣ್ಣದ ಕೂಳೆ ಗದ್ದೆ, ಹಿಂದೆ ನೀಲಿ ಗುಡ್ಡ, ನಡುವೆ ಬಾಣದಂತೆ ಬರುವ ಕಾರು. ಕೊನೆಗೆ ಒಂದು ಮೂಲೆಯಲ್ಲಿ ಟುವಾಲು ಎತ್ತಿ ನಿಂತ ಮುದುಕ.

"ಇದನ್ನ ಕತ್ತರಿಸ್ತೆ," ಎಂದ ವೈಭವ.

ನೋಡಲು ಬಂದಿದ್ದ ತಿಮ್ಮಿ ಬಿಡಲಿಲ್ಲ. "ಇರ್ಲಿ ಬಿಡಾ. ಅವತ್ತು ಇವರ ಬಾಯಿ ಇಲ್ದಿದ್ರೆ ಇವತ್ತು ನಾನು ಫೋಟೋದಾಗೆ ಇರ್ತಿದ್ದೆ, ಹಾರ ಹಾಕ್ಕಂಡು."

ಹಾಗೇ ಬಿಟ್ಟು, ಉಲ್ಲಾಸನ ನಂಬರ್ ಸೇರಿಸಿ ಮೊಬೈಲಿಗೆ ಹಾಕಿದರು. ವಾರದೊಳಗೆ ಅವನಿಗೆ ಹಾವೇರಿ ಕಡೆಯ ಹೆಂಗಸೊಬ್ಬರ ಫೋನ್ ಬಂತು. "ವಿಡಿಯೋ ನೋಡಿದ್ವಿರಿ. ಆ ಕೆಂಪು ಟವೆಲ್ ಹಿಡಕೊಂಡು ನಿಂತಾರಲ್ಲ, ಅವ್ರು ಯಾರ್ರೀ?"

"ನಮ್ಮಪ್ಪ ಅಕ್ಕೋರೆ. ದಾರಿ ನೋಡೂಕೆ ನಿಂತದ್ದು."

"ಹಂಗಾರ ನಿಮ್ ಗಾಡೀನೇ ಇರ್ಲಿ. ಸಣ್ಣ ಮಕ್ಳು ಅದಾವ್ರಿ ನಮ್ ಜೋಡಿ."

ಮರುದಿನ ಬೆಳಿಗ್ಗೆ ಉಲ್ಲಾಸ ಕಾರಿನಡಿಯಿಂದ ಕೋಳಿಗಳನ್ನು ಓಡಿಸಿದ.

ಅಕ್ಕಂದಿರೇ, ಅಣ್ಣಂದಿರೇ, ಮದುವೆಯ ದಿಬ್ಬಣವೋ ಹೊಸ ಗಾಡಿಯೋ ನಿಮ್ಮ ಮನೆಯಲ್ಲೂ ಬಂದೀತು. ಮಕ್ಕಳು ಡ್ರೋನ್ ತಂದರೆ ಬೈದು ಓಡಿಸಬೇಡಿ, ಕಣ್ಣು ಮುಚ್ಚಿ ಹೂಂ ಅನ್ನಲೂ ಬೇಡಿ. ಅದಕ್ಕೆ ನಂಬರ್ ಉಂಟೋ, ಅಲ್ಲಿ ಹಾರಿಸಲು ಒಪ್ಪಿಗೆ ಉಂಟೋ ಕೇಳಿ. ಓಡಾಟದ ರಸ್ತೆ ಬಿಟ್ಟು ಜನರಿಲ್ಲದ ಬಯಲು ಹುಡುಕಿ. ಕಾರು ನಡೆಸುವವನು ದಾರಿಯನ್ನೇ ನೋಡಲಿ. ಮೇಲೆ ನೋಡಿ ಬೆರಗಾಗಲು ಊರೆಲ್ಲ ಇದ್ದೇ ಇರುತ್ತದೆ. ಡ್ರೋನ್ ಏಳುವ ಮೊದಲು ಟುವಾಲು ಯಾರ ಕೈಯಲ್ಲಿ ಎಂದು ಗೊತ್ತು ಮಾಡಿ. ಅವರು "ಹೋಲ್ಡಾನ್" ಎಂದರೆ ನಿಲ್ಲಿಸಿ.