ಚೀಟಿ ಇಲ್ಲದೆ ಔಷಧಿ ಇಲ್ಲ

ನಮ್ಮ ಭಾವ ಮೂವತ್ತನಾಲ್ಕು ವರ್ಷ ಕಾರ್ಖಾನೆಯ ಉಗ್ರಾಣ ಕಾದವರು. ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ. ನಿವೃತ್ತರಾದ ದಿನದಿಂದ ಅವರಿಗೆ ನಿದ್ದೆ ಹತ್ತಲಿಲ್ಲ. ಹಗಲಿಡೀ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅಕ್ಕ ಚಮಚ ತೆಗೆದರೂ "ಯಾಕೆ?" ಎನ್ನುತ್ತಿದ್ದರು.

"ನಿನ್ನ ಆಟದಲ್ಲಿ ಇವರಿಗೇನಾದ್ರೂ ಕೆಲಸ ಕೊಡೋ," ಅಂದಳು ಅಕ್ಕ. "ಇಲ್ಲಾಂದ್ರೆ ನನಗೆ ಹುಚ್ಚು ಹಿಡಿಯುತ್ತೆ."

ನನ್ನದು ಕಂಪ್ಯೂಟರ್ ಆಟಗಳಿಗೆ ಮಾಡ್ ಬರೆಯುವ ಕೆಲಸ, ಅಂದರೆ ಬೇರೆಯವರು ಕಟ್ಟಿದ ಆಟದಲ್ಲಿ ಕೈಯಾಡಿಸುವುದು. ಆಗ ಆಟಗಾರರ ಚೀಲ ತಿದ್ದುತ್ತಿದ್ದೆ. ವಸ್ತುವಿನ ಮೇಲೆ ಎಡ ಕ್ಲಿಕ್ ಮಾಡಿದರೆ ಕೈಗೆ ಬರಬೇಕು, ಬಲ ಕ್ಲಿಕ್ ಮಾಡಿದರೆ ಬಳಕೆಯಾಗಬೇಕು. ಭಾವ ಕನ್ನಡಕ ಏರಿಸಿ ನೋಡಿದರು.

"ಕ್ಲಿಕ್ ಮಾಡಿದ ತಕ್ಷಣ ಕೊಟ್ಟುಬಿಡೋದಾ? ಯಾರು ಕೇಳಿದ್ದು, ಯಾಕೆ ಕೇಳಿದ್ದು, ಏನೂ ಇಲ್ವಾ? ಹೇಳೋರಿಲ್ಲ, ಕೇಳೋರಿಲ್ಲ."

ಅಕ್ಕನ ಮುಖ ನೋಡಿ ಬದಲಾಯಿಸಿದೆ. ಎಡ ಕ್ಲಿಕ್ ಮಾಡಿದರೆ ಬೇಡಿಕೆ ಚೀಟಿ, ಬಲ ಕ್ಲಿಕ್ ಮಾಡಿದರೆ ಕಾರಣ. ಎರಡೂ ಭಾವನ ಮೊಬೈಲಿಗೆ ಹೋಗುತ್ತವೆ. ಅವರು ಒಪ್ಪಿದರೆ ಮಾತ್ರ ವಸ್ತು ಚೀಲದಿಂದ ಹೊರಬೀಳುತ್ತದೆ.

ಆಡುತ್ತಿದ್ದವರು ನಾನೂರು ಜನ. ಬೈದುಕೊಂಡೇ ಚೀಟಿ ಬರೆದರು. ಕತ್ತಿ ಕೇಳಿದವನಿಗೆ ಭಾವ "ಹಳೆಯದನ್ನು ಮರಳಿಸಿದ್ದೀರಾ?" ಎಂದು ಬರೆದರು. ರೊಟ್ಟಿ ಕೇಳಿದವಳಿಗೆ "ಬೆಳಿಗ್ಗೆ ತಾನೇ ಒಯ್ದಿರಿ" ಎಂದರು. ವಾರ ಕಳೆಯುವುದರೊಳಗೆ ಎಲ್ಲರೂ ಸಾರ್ ಎನ್ನತೊಡಗಿದರು. ಭಾವ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು ಮೊಬೈಲಿನ ಮುಂದೆ ಕೂರತೊಡಗಿದರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಶನಿವಾರ ಮಧ್ಯಾಹ್ನ ಆಟದ ಊರಿಗೆ ಬೆಂಕಿಯುಗುಳುವ ಡ್ರ್ಯಾಗನ್ ನುಗ್ಗಿತು. ನಾನೂ ಕಣದಲ್ಲಿದ್ದೆ. ಎಲ್ಲರ ಚೀಲದಲ್ಲೂ ಔಷಧಿ ಇತ್ತು. ಚೀಟಿ ಹಾಕಿ, ಕಾರಣದ ಜಾಗದಲ್ಲಿ "ಸಾಯುತ್ತಿದ್ದೇನೆ ಸಾರ್" ಎಂದು ಬರೆದು ಕಾದೆವು. ಒಪ್ಪಿಗೆ ಬರಲಿಲ್ಲ. ನಿಯಮ ತೆಗೆದುಹಾಕೋಣವೆಂದರೆ, ಅದಕ್ಕೂ ಭಾವನ ಒಪ್ಪಿಗೆ ಬೇಕೆಂದು ನಾನೇ ಮೂರ್ಖನಂತೆ ಬರೆದಿಟ್ಟಿದ್ದೆ.

ಪಕ್ಕದ ಕೋಣೆಗೆ ಓಡಿದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಭಾವ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು. ಮೊಬೈಲು ಎದೆಯ ಮೇಲೆ ಒಂದೇ ಸಮ ನಡುಗುತ್ತಿತ್ತು.

"ಎಬ್ಬಿಸಬೇಡ್ವೋ," ಎಂದು ಪಿಸುಗುಟ್ಟಿದಳು. "ಎಂಟು ತಿಂಗಳಾದ್ಮೇಲೆ ಇವತ್ತು ಕಣ್ಣು ಮುಚ್ಚಿದಾರೆ."

"ನಾನೂರು ಜನ ಸಾಯ್ತಾರಕ್ಕ."

"ಸಾಯ್ಲಿ ಬಿಡು."

ವಾಪಸು ಬಂದು ಆಟದಲ್ಲಿ ಬರೆದೆ: "ಸಾರ್ ಮಲಗಿದ್ದಾರೆ." ಆಮೇಲೆ ಯಾರೋ ಬರೆದರು: "ಮಲಗ್ಲಿ ಪಾಪ. ಯಾರೂ ಕ್ಲಿಕ್ ಮಾಡ್ಬೇಡಿ, ಎಚ್ಚರ ಆಗುತ್ತೆ."

ಎಲ್ಲರೂ ಮೌಸಿನಿಂದ ಕೈ ತೆಗೆದೆವು. ಒಬ್ಬೊಬ್ಬರಾಗಿ, ಸದ್ದಿಲ್ಲದೆ ಸತ್ತೆವು.