ಅಮರೇಶಪ್ಪನವರ ಫಿಯೆಟ್ಟಿಗೆ ಬಂದ ರೋಗ

ನಡುರಾತ್ರಿ ಶೆಡ್ಡಿನ ಕಡೆಯಿಂದ ಟಕ್ ಎಂದು ಒಂದು ಸಣ್ಣ ಸದ್ದು ಬಂತು. ಕುಷಾಯಿಗೂಡದ ಆ ಮನೆಯಲ್ಲಿ ಅದನ್ನು ಕೇಳಿಸಿಕೊಂಡವಳು ಸುವರ್ಣಾ ಒಬ್ಬಳೇ. ಗ್ಯಾಸ್ ಆರಿದೆಯೇ, ಚಿಲಕ ಬಿದ್ದಿದೆಯೇ, ಮಗಳು ಗಂಗಿ ಹೊದಿಕೆ ಒದ್ದುಕೊಂಡಿದ್ದಾಳೆಯೇ ಎಂದು ಎದ್ದೆದ್ದು ನೋಡುವುದು ಅವಳ ಕೆಲಸವಾದ್ದರಿಂದ ರಾತ್ರಿಯ ಸದ್ದುಗಳೆಲ್ಲ ಅವಳ ಪಾಲಿಗೇ ಬರುತ್ತಿದ್ದವು.

“ಏಳ್ರಿ, ಶೆಡ್ಡಿನಾಗ ಯಾರೋ ಅದಾರ.”

“ಇಲಿ ಇರಬೇಕು ತಗೋ,” ಎಂದು ಗಂಡ ಬಸು ಮಗ್ಗುಲು ಬದಲಿಸಿದ. ಅವನು ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದೊಡ್ಡ ತಂಡವನ್ನು ನಡೆಸುವವನು. ಸಮಸ್ಯೆಯೆಂಬುದು ಹಗಲು ಹೊತ್ತಿನಲ್ಲಿ, ಮೀಟಿಂಗಿನಲ್ಲಿ ಎದುರಾದರೆ ಮಾತ್ರ ಅವನಿಗೆ ಸಮಸ್ಯೆ.

ಕಿಟಕಿಯಿಂದ ಇಣುಕಿದಾಗ ಕಂಡವನು ಕಳ್ಳನಲ್ಲ, ಮಾವ. ಅಮರೇಶಪ್ಪನವರು ಬ್ಯಾಟರಿ ದೀಪ ಹಿಡಿದು ತಮ್ಮ ಹಳೆಯ ಫಿಯೆಟ್ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿ ನಿಂತಿದ್ದರು. ಭಾನುವಾರದ ಚಿಂತೆ ಪಾಪ, ಎಂದುಕೊಂಡು ಸುವರ್ಣಾ ಬಂದು ಮಲಗಿದಳು.

ಭಾನುವಾರ ಬಸುವಿನ ಕಂಪನಿಯ ವಾರ್ಷಿಕ ಸಂಭ್ರಮ. ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸಿದವರಿಗೆ ಇದ್ದಕ್ಕಿದ್ದಂತೆ ಹಳೆಯದರ ಮೇಲೆ ಮಮತೆ ಉಕ್ಕಿ, ಮಾಧಾಪುರದಿಂದ ಶಂಶಾಬಾದಿನ ಹೊಸ ಏರ್‌ಪೋರ್ಟ್ ತನಕ ಹಳೆಯ ಕಾರುಗಳ ಮೆರವಣಿಗೆ ಎಂದು ಗೊತ್ತುಮಾಡಿದ್ದರು. ಅಮೆರಿಕದಿಂದ ಬಂದ ದೊಡ್ಡ ಸಾಹೇಬರು ಫಿಯೆಟ್ಟಿನ ಮುಂದಿನ ಸೀಟಿನಲ್ಲಿ, ಹಿಂದೆ ಬಾವುಟ ಹಿಡಿದ ಗಂಗಿ, ಸ್ಟಿಯರಿಂಗ್ ಹಿಡಿದು ಸ್ವತಃ ಮಾಲೀಕ ಅಮರೇಶಪ್ಪನವರು. ಆಫೀಸಿನಲ್ಲಿ ಎಲ್ಲ ಒಪ್ಪಿಕೊಂಡು ಬಂದ ಮೇಲೆ ಬಸು ಅಪ್ಪನನ್ನು ಕೇಳಿದ್ದ.

“ಓಡಸ್ತೀರಲ್ಲ, ಅಪ್ಪಾರ?”

“ನಾ ಅಲ್ಲದ ಮತ್ಯಾರು ಓಡಸ್ತಾರೋ?” ಎಂದಿದ್ದರು ಅವರು, ಪೇಪರಿನಿಂದ ತಲೆ ಎತ್ತದೆ.

ಬೆಳಿಗ್ಗೆ ಕಾರು ಶುರುವಾಗಲಿಲ್ಲ. ಕೀ ತಿರುಗಿಸಿದಷ್ಟೂ ಹೊತ್ತು ಕುರ್ ಕುರ್ ಎನ್ನುತ್ತಿತ್ತೇ ಹೊರತು ಎಂಜಿನ್ನು ಹೊತ್ತಿಕೊಳ್ಳಲಿಲ್ಲ. ಬಸು ಆಫೀಸಿಗೆ ರಜೆ ಹಾಕಿ, ಶೆಡ್ಡಿನ ಮುಂದೆ ಕುರ್ಚಿ ಹಾಕಿಸಿ, ತನ್ನ ವಿಧಾನದಂತೆ ಮೊದಲ ಪ್ರಶ್ನೆ ಎತ್ತಿದ. “ನಿನ್ನೆ ನಡದಿತ್ತು. ನಿನ್ನೆಯಿಂದ ಇವತ್ತಿಗೆ ಏನು ಬದಲಾಗೇತಿ?” ಪ್ರಶ್ನೆ ಸರಿಯಾದದ್ದೇ, ಕೇಳಿದ್ದು ಸರಿಯಾದವರ ಎದುರಿಗೇ. ಅಮರೇಶಪ್ಪನವರು ಆಕಾಶ ನೋಡಿದರು.

ಪಕ್ಕದ ಮನೆಯ ಸೂರ್ಯನಾರಾಯಣರು ಕಾಂಪೌಂಡಿನ ಆಚೆಯಿಂದಲೇ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ರೋಗ ಪತ್ತೆ ಹಚ್ಚಿದರು. “ಕಾರು ದಕ್ಷಿಣಕ್ಕೆ ಮುಖ ಮಾಡಿದೆ ಕದಂಡೀ. ಸ್ಟಾರ್ಟ್ ಹೇಗೆ ಆಗುತ್ತೆ?”

ಮೆಕ್ಯಾನಿಕ್ ಸಾಬಣ್ಣನನ್ನು ಕರೆಸಿದರು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈಗ ಬಸ್ ನಿಲ್ದಾಣದ ಹಿಂದೆ ಸ್ವಂತ ಗ್ಯಾರೇಜು ಇಟ್ಟುಕೊಂಡವನು. ಅವನು ಬಾನೆಟ್ಟು ಎತ್ತುವ ಮುಂಚೆಯೇ ಹೇಳಿದ. “ಕಾರ್ಬುರೇಟರ್, ಸಾಹೇಬ್ರ. ನೂರಕ್ಕ ನೂರು.”

“ನನ್ನ ಸ್ಕೂಟರಿಗೂ ನೀ ಅದನ್ನ ಹೇಳಿದ್ದಿ,” ಎಂದ ಬಸು.

“ಅದರಾಗೂ ಅದ ಇತ್ತಲ್ರಿ!”

ದಿನವಿಡೀ ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸಿದ. ಕೊನೆಗೆ, ಎಲ್ಲ ನೋಡಿದಂತಾಗಲಿ ಎಂದು ಡಿಸ್ಟ್ರಿಬ್ಯೂಟರಿನ ಕ್ಲಿಪ್ಪು ಎಳೆದ. ನಾಲ್ಕೂ ಪ್ಲಗ್ಗಿಗೆ ಕಿಡಿ ಹಂಚುವ ಆ ಕರಿಯ ಡಬ್ಬಿಯ ಮುಚ್ಚಳ ಬಿಚ್ಚಿಕೊಂಡಿತು, ಟಕ್. ಚಹಾ ತಂದಿದ್ದ ಸುವರ್ಣಾ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಹತ್ತಿರ ಬಂದಳು. ರಾತ್ರಿಯ ಸದ್ದು ಅದೇ. ಸಾಬಣ್ಣ ಒಳಗಿನ ಬೆರಳುದ್ದದ ರೋಟರ್ ಎತ್ತಿಟ್ಟು, ಅದರ ಕೆಳಗೆ ಸಿಕ್ಕಿಕೊಂಡಿದ್ದ ಕಾಗದದ ಚೂರನ್ನು ಉಫ್ ಎಂದು ಊದಿ ಎಲ್ಲ ಮುಚ್ಚಿದ. ಎಂಜಿನ್ನು ಮೊದಲ ಸಲಕ್ಕೇ ಗುಡುಗಿತು.

“ನೋಡಿದ್ರ್ಯಾ? ಕಾರ್ಬುರೇಟರ್!”

ಸುವರ್ಣಾ ಕೆಳಗೆ ಬಿದ್ದ ಚೂರನ್ನು ನೋಡಿದಳು. ಕಸ ತಾನಾಗಿ ಕತ್ತರಿಯಿಂದ ನೇರವಾಗಿ ಕತ್ತರಿಸಿಕೊಂಡು ಬರುವುದಿಲ್ಲ.

ಮರುದಿನ ರಾತ್ರಿ ಮತ್ತೆ ಟಕ್. ಬೆಳಿಗ್ಗೆ ಕಾರು ಕೆಮ್ಮಿ, ಸೀನಿ, ಹೊಗೆ ಕೊಳವೆಯಿಂದ ಪಟಾಕಿ ಹಾರಿಸಿ ತಣ್ಣಗಾಯಿತು. ಎರಡು ಪ್ಲಗ್ಗಿನ ತಂತಿಗಳು ಅದಲು ಬದಲಾಗಿದ್ದವು. ಸಾಬಣ್ಣ ಅವನ್ನು ಸರಿಯಾಗಿ ಸಿಕ್ಕಿಸಿ “ಟೈಮಿಂಗ್ ಪ್ರಾಬ್ಲಂ” ಎಂದ. ಅಷ್ಟರಲ್ಲಿ ಸೂರ್ಯನಾರಾಯಣರು ಜನ ಕೂಡಿಸಿ ಕಾರನ್ನು ಉತ್ತರಕ್ಕೆ ತಿರುಗಿಸಿದ್ದರಿಂದ, ರೋಗ ವಾಸಿಯಾದ ಕೀರ್ತಿ ಇಬ್ಬರಲ್ಲಿ ಹಂಚಿಹೋಯಿತು.

ಆ ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಸುವರ್ಣಾ ಮಾವನ ತಟ್ಟೆಯನ್ನು ನೋಡುತ್ತ ನಿಂತಳು. ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಮುಟ್ಟದ ಮನುಷ್ಯ ಕೆಲವು ವಾರಗಳಿಂದ ಚಟ್ನಿ ಬಿಟ್ಟೇಳುತ್ತಿದ್ದರು. ಕೈರುಚಿ ಕೆಟ್ಟಿತೇ ಎಂದು ಅವಳು ಒಳಗೊಳಗೇ ನೊಂದಿದ್ದಳು. ಇವತ್ತು, ಪದ್ಧತಿಯಂತೆ ಎಡಕ್ಕೆ ಬಡಿಸಿದ್ದ ಚಟ್ನಿಯನ್ನು ತಟ್ಟೆ ತಿರುಗಿಸಿ ಬಲಕ್ಕೆ ತಂದಳು. ಮಾವ ಅದನ್ನು ಒರೆಸಿ ತಿಂದು “ಇವತ್ತ ಚಟ್ನಿ ಮಾಡೀಯಲ್ಲ, ಛಲೋ ಆತು” ಎಂದರು.

ಅಷ್ಟಕ್ಕೇ ಅವಳಿಗೆ ಎಲ್ಲ ತಿಳಿದುಹೋಯಿತು. ಎಡಗಡೆ ಮಾವನಿಗೆ ಕಾಣುತ್ತಿಲ್ಲ. ಈಚೆಗೆ ಕಾರನ್ನು ಗೇಟಿನ ಕಂಬಕ್ಕೆ ಉಜ್ಜಿಸಿ, ನೀರಿನ ಟ್ಯಾಂಕರಿನವನು ಗುದ್ದಿದನೆಂದು ಹೇಳಿದ್ದ ಗೀರೂ ಎಡಗಡೆಯದೇ. ಅದು ಅವರಿಗೂ ಗೊತ್ತು. ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಿವೃತ್ತಿಯ ತನಕ ಬೇರೆಯವರ ಮಾಲಿನ ಮೇಲೆ ‘ತಿರಸ್ಕೃತ’ ಎಂದು ಠಸ್ಸೆ ಒತ್ತಿದ ಮನುಷ್ಯ, ಅದೇ ಠಸ್ಸೆಯನ್ನು ತಮ್ಮ ಮೇಲೆ ಒತ್ತಿಕೊಳ್ಳಲಾರದೆ ರಾತ್ರಿ ಎದ್ದು ಕಾರಿನ ಮೇಲೆ ಒತ್ತುತ್ತಿದ್ದರು.

“ಮಾವಾರ, ಭಾನುವಾರ ಭಾಳ ಬಿಸಲಂತ,” ಎಂದು ಅವಳು ಮೆಲ್ಲಗೆ ಶುರುಮಾಡಿದಳು. “ಇವರ ಓಡಿಸಿದ್ರ ಹೆಂಗ್ರಿ?”

“ಅವಗ ಸ್ಟಿಯರಿಂಗಿನ ಮಗ್ಗಲದ ಗೇರ ಹಾಕಾಕ ಬರೂದಿಲ್ಲವಾ. ಮುಂದ ಹೋಗಂದ್ರ ಹಿಂದ ಹೋಗತಾನ.”

ಗಂಡನಿಗೆ ಹೇಳಿದಳು. “ಮಾವಾರಿಗೆ ಕಣ್ಣು ಸರಿಯಾಗಿ ಕಾಣವಲ್ಲದು ಅನಸ್ತೈತ್ರಿ. ಕೂಸು ಕೂಡತೈತಿ ಆ ಗಾಡ್ಯಾಗ.”

“ಹೋದ ವಾರ ಗೀಜರ್ ಒಡೀತೈತಿ ಅಂದಿದ್ದಿ,” ಬಸು ನಕ್ಕ. “ಅದಕ್ಕಿಂತ ಮದ್ಲ ಫ್ಯಾನ್ ಬೀಳತೈತಿ ಅಂದಿದ್ದಿ. ಎಷ್ಟಂತ ಅಂಜತೀ ಸುವರ್ಣಾ? ಅಪ್ಪಾರ ಕಣ್ಣಿಗೆ ಏನಾಗೇತಿ? ನನ್ನ ಬೋಳು ತಲಿ ಬೀದಿ ತುದಿಯಿಂದ ಗುರುತು ಹಿಡೀತಾರ.”

ಎಲ್ಲದಕ್ಕೂ ಹೆದರಿದ್ದರ ಫಲ ಇದು. ನಿಜವಾದ ಹೆದರಿಕೆ ಬಂದಾಗ ಅದಕ್ಕೆ ಬೇರೆ ಮುಖವಿರಲಿಲ್ಲ.

ಶನಿವಾರ ಬಸು ಇಲಿಗಳ ಕೈವಾಡವೆಂದು ತೀರ್ಮಾನಿಸಿ, ಸಂದುಗಳಿಗೆಲ್ಲ ತಗಡು ಹೊಡೆಸಿ, ಶೆಡ್ಡಿಗೆ ಬೀಗ ಹಾಕಿದ. ಕೀಲಿಗಳೆಲ್ಲ ಅವನ ಲ್ಯಾಪ್‌ಟಾಪ್ ಚೀಲ ಸೇರಿದವು. ರಾತ್ರಿ ಮಾವನ ಚಪ್ಪಲಿ ಅಂಗಳದಾಚೆ ಹೋಗಿ, ಬೀಗದ ಹತ್ತಿರ ನಿಂತು, ಹಾಗೇ ಮರಳಿ ಬಂದವು. ಅವರ ಕೋಣೆಯ ದೀಪ ಆರಲಿಲ್ಲ. ಈಗಲಾದರೂ ಎದ್ದು ಬಂದು ‘ನನ್ನ ಕೈಲಿ ಆಗೂದಿಲ್ಲ’ ಎನ್ನುತ್ತಾರೆ ಎಂದು ಸುವರ್ಣಾ ಕಾದಳು. ಬದಲಿಗೆ ಕೇಳಿಸಿದ್ದು ಸಫಾರಿ ಸೂಟಿಗೆ ಇಸ್ತ್ರಿ ಹಾಕುವ ಸಪ್ಪಳ.

ನಸುಕಿನಲ್ಲಿ ಅಂಗಳಕ್ಕೆ ನೀರು ಹೊಡೆಯಲು ಎದ್ದವಳು ರಂಗೋಲಿ ಡಬ್ಬಿಯ ಜೊತೆಗೆ ಕೀಲಿಗಳನ್ನೂ ಒಯ್ದಳು. ಕಾಗದ ಎಲ್ಲಿ ಸಿಕ್ಕಿಸುತ್ತಾರೆ, ಯಾವ ತಂತಿ ಯಾವುದಕ್ಕೆ ಎಂದು ಅವಳಿಗೆ ಗೊತ್ತಿರಲಿಲ್ಲ. ಸಾಬಣ್ಣ ಎತ್ತಿಟ್ಟಿದ್ದ ಆ ಬೆರಳುದ್ದದ ತುಂಡೊಂದು ಗೊತ್ತಿತ್ತು. ಕ್ಲಿಪ್ಪು ಎಳೆದಳು. ಸದ್ದಿಗೆ ಅವಳೇ ಬೆಚ್ಚಿದಳು. ರೋಟರನ್ನು ಸೆರಗಿನ ತುದಿಗೆ ಗಂಟು ಹಾಕಿ, ಎಲ್ಲ ಮುಚ್ಚಿ, ಬೀಗ ಹಾಕಿ, ಹೊರಗೆ ಬಂದು ರಂಗೋಲಿ ಬಿಟ್ಟಳು. ಅದು ಎಂದಿಗಿಂತ ವಾರೆಯಾಗಿತ್ತು.

ಹೊರಡುವ ಹೊತ್ತಿಗೆ ಕಾರು ಕುರ್ ಕುರ್ ಎಂದಿತು, ಅಷ್ಟೇ. ಬಸು ಬೆವೆತ. ಕಾವಲಿಗೆಂದು ಬಂದಿದ್ದ ಸಾಬಣ್ಣ ಸ್ಪಾನರ್ ಎತ್ತಿದ. “ಕಾರ್ಬುರೇಟರ್...”

“ಸರಿ ಅತ್ತಾಗ,” ಎಂದರು ಅಮರೇಶಪ್ಪನವರು.

ಅವರ ಮುಖದಲ್ಲಿ ಅಚ್ಚರಿಯಿತ್ತು. ಈ ಸಲ ತಾವೇನೂ ಮಾಡಿರಲಿಲ್ಲವಲ್ಲ! ಬಗ್ಗಿ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಒಳಗೆ ರೋಟರೇ ಇರಲಿಲ್ಲ. ಯಾರು ಬೇಕಾದರೂ ಒಂದೇ ನೋಟಕ್ಕೆ ಹಿಡಿಯುವ ತಪ್ಪು ಅದು, ಕಲಿಯದವರ ಕೆಲಸ. ಸಾಬಣ್ಣನ ತಲೆ ಒಳಗೆ ಬರುವಷ್ಟರಲ್ಲಿ ಮುಚ್ಚಳ ಕೂರಿಸಿದರು. ಆಮೇಲೆ, ಎಡಕ್ಕೆ ನೋಡಬೇಕಾದರೆ ಈಗೀಗ ಮಾಡುವಂತೆ, ಇಡೀ ತಲೆಯನ್ನು ತಿರುಗಿಸಿ ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದರು. ಸೊಸೆ ಸೆರಗನ್ನು ಬಿಗಿಯಾಗಿ ಸುತ್ತಿಕೊಂಡಳು.

“ಬೇರಿಂಗ್ ಹೋಗೇತಿ,” ಎಂದರು ಅವರು ಎಂಜಿನ್ನಿನ ಮೇಲೆ ಅಂಗೈ ಇಟ್ಟು. “ಇನ್ನೊಮ್ಮೆ ತಿರುವಿದ್ರ ಎಂಜಿನ್ನ ಒಡೀತೈತಿ. ಇನ್ನ ಈ ಗಾಡಿ ರೋಡಿಗೆ ಬ್ಯಾಡ.” ಅದು ಕಾರ್ಖಾನೆಯ ದನಿ. ಅದರ ಮೇಲೆ ಅಪೀಲಿರಲಿಲ್ಲ.

“ಹೌದ್ರಿ ಸಾಹೇಬ್ರ. ನನಗ ಮೊನ್ನೇನ ಡೌಟ್ ಬಂದಿತ್ತು,” ಎಂದ ಸಾಬಣ್ಣ.

ಅಮೆರಿಕದ ಸಾಹೇಬರನ್ನು ಬಾಡಿಗೆಯ ಎಸಿ ಕಾರಿನಲ್ಲಿ ಕರೆದೊಯ್ದರು. ಅವರು ಶಂಶಾಬಾದಿನ ತನಕ ನೆಮ್ಮದಿಯಾಗಿ ನಿದ್ದೆ ಮಾಡಿದರಂತೆ. ಬಸು ಕಾರಿನ ವೈಫಲ್ಯದ ಮೂಲ ಕಾರಣದ ಬಗ್ಗೆ ತನ್ನ ತಂಡಕ್ಕೆ ಉದ್ದನೆಯ ಮೇಲ್ ಬರೆದು ಮೆಚ್ಚುಗೆ ಪಡೆದ. ಸಾಬಣ್ಣ ಬೇರಿಂಗ್ ನೋಡಲೆಂದು ಎಂಜಿನ್ನು ಇಳಿಸುವ ದಿನ ಸುವರ್ಣಾ ರೋಟರನ್ನು ನಟ್ಟು ಬೋಲ್ಟುಗಳ ತಟ್ಟೆಯಲ್ಲಿ ಹಾಕಿ ಬಂದಳು. ಬಿಚ್ಚಿದ ಬೇರಿಂಗುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಸಾಬಣ್ಣ ಅವನ್ನು ನೋಡಿದ, ಅಮರೇಶಪ್ಪನವರ ಮುಖ ನೋಡಿದ. “ಭಾಳ ಸವದಾವ್ರಿ,” ಎಂದ.

ಗುರುವಾರ ರಾಯಚೂರಿನಿಂದ ಅಕ್ಕ ಸುಭದ್ರಾ ಫೋನು ಮಾಡಿದಳು. ಮನಸ್ಸಿನಲ್ಲಿದ್ದುದನ್ನೆಲ್ಲ ಸುವರ್ಣಾ ಹೇಳಿಕೊಳ್ಳುವುದು ಅವಳೊಬ್ಬಳ ಹತ್ತಿರವೇ.

“ನಿಮ್ಮ ಮಾವಾರ ಗಾಡಿ ಕೆಟ್ಟತಂತಲ್ಲ, ಏನಾಗಿತ್ತ?”

ಪಡಸಾಲೆಯಲ್ಲಿ ಅಮರೇಶಪ್ಪನವರು ಮೊಮ್ಮಗಳಿಂದ ಪೇಪರು ಓದಿಸಿಕೊಳ್ಳುತ್ತಿದ್ದರು. ಈ ಕಡೆಗೆ ತಿರುಗಲಿಲ್ಲ, ಆದರೆ ಗಂಗಿಗೆ “ತಡಿಯವಾ” ಎಂದರು. ಹೇಳಿದರೆ ಅಕ್ಕ ನಗುತ್ತಾಳೆ, ಭಾವನಿಗೆ ಹೇಳುತ್ತಾಳೆ, ಅದು ಬಸುವಿನ ತನಕ ಬರುತ್ತದೆ. ಅಕ್ಕನಿಗೂ ಇಲ್ಲ, ಗಂಡನಿಗೂ ಇಲ್ಲ, ಗೊತ್ತಿದ್ದೂ ಕೇಳದ ಮಾವನ ಎದುರಿಗೂ ಇಲ್ಲ ಎಂದು ಅವಳು ಆ ಕ್ಷಣ ನಿಶ್ಚಯಿಸಿದಳು.

“ಬೇರಿಂಗ್ ಹೋಗಿತ್ತಕ್ಕಾ,” ಎಂದಳು.